ತೆರೆಯ ಮೇಲೆ ಹಂಪೆಯ ಸೀಮೆ

ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳ ಸೀಮೆಯನ್ನು ಕುರಿತ ಚಲಚ್ಚಿತ್ರಗಳು ಹಲವು ಬಂದಿವೆ. ಅವನ್ನು ನೋಡುವಾಗ ಇಲ್ಲಿಯ ಮನೆಮಂದಿಗೆ ಒಂದು ಸಂದೇಹವು ಸಹಜವಾಗಿಯೇ ಏಳುವುದು: ತೆರೆಯ ಮೇಲಿರುವುದು ಈ ನಾಡೋ, ಅಥವಾ ನಾಡಿನ ಹೆಸರು ಹೊತ್ತ ಉಡುಗೆ ತೊಡುಗೆಯೋ?

ಬಿ. ಆರ್. ಪಂತುಲು ಅವರ ‘ಶ್ರೀಕೃಷ್ಣದೇವರಾಯ’ (1970) ವರ್ಣಚಿತ್ರದಲ್ಲಿ ಆಸ್ಥಾನದ ಬೆಡಗಿಗೆ ಕೊರತೆಯಿಲ್ಲ. ಆದರೆ ಚಿತ್ರದ ಜೀವವಿರುವುದು ಅಲ್ಲಲ್ಲ. ರಾಯನಾದ ರಾಜಕುಮಾರರಿಗೂ ತಿಮ್ಮರಸನಾದ ಪಂತುಲು ಅವರಿಗೂ ನಡುವಣ ವಾತ್ಸಲ್ಯದಲ್ಲಿ. ಮಗನಂತೆ ಸಲಹಿದ ಮಂತ್ರಿಯನ್ನು ಅರಸನು ‘ಅಪ್ಪಾಜಿ’ ಎಂದು ಕರೆಯುವ ಒಂದು ಮಾತು ಇಡೀ ಭುವನವಿಜಯಕ್ಕಿಂತ ತೂಕವುಳ್ಳದ್ದು. ರಾಜಕುಮಾರನ ಮರಣದ ಶಂಕೆಯಿಂದ ಆ ಮಂತ್ರಿಯ ಕಣ್ಣುಗಳನ್ನೇ ಕೀಳಿಸಿದನೆಂಬ ವೃತ್ತಾಂತವು ಪೋರ್ತುಗೀಜ ವರ್ತಕ ನೂನಿಜನ ಬರೆಹದಲ್ಲಿಯೂ ಇದೆ. ಇದೇ ವಸ್ತುವನ್ನು ಕಮಲಾಕರ ಕಾಮೇಶ್ವರರಾಯರು ತೆಲುಗಿನಲ್ಲಿ ‘ಮಹಾಮಂತ್ರಿ ತಿಮ್ಮರುಸು’ (1962) ಎಂದು ಚಿತ್ರಿಸಿದ್ದರು. ಗುಮ್ಮಡಿಯವರ ಮಂತ್ರಿಯನ್ನು ಕತೆಯ ನಡುವೆ ನಿಲ್ಲಿಸಿದ ಆ ಚಿತ್ರವೇ ಹೆಚ್ಚು ಬಿಗಿಯಾದುದು; ಕನ್ನಡ ಚಿತ್ರಕ್ಕೆ ಅರಸನ ಕೀರ್ತಿಯನ್ನು ಹಾಡುವ ಹೊರೆಯೂ ಇದ್ದಿತು. ಬಿ. ಎಸ್. ರಂಗಾ ಅವರ ‘ಹಾಸ್ಯರತ್ನ ರಾಮಕೃಷ್ಣ’ (1982) ಮಕ್ಕಳೊಡನೆ ಕುಳಿತು ನಗಲು ತಕ್ಕುದು. ಅನಂತನಾಗ್ ಅವರ ಲಘುತ್ವವೇ ಅದರ ಬಂಡವಾಳ.

ಕಂಪ್ಲಿಯವರಿಗೆ ಆಪ್ತವಾಗಬೇಕಾದದ್ದು ಎಚ್. ಆರ್. ಭಾರ್ಗವ ಅವರ ‘ಗಂಡುಗಲಿ ಕುಮಾರರಾಮ’ (2006). ತುಘಲಕನ ಸೈನ್ಯಕ್ಕೆ ತುತ್ತಾಗಿ 1327ರ ಸುಮಾರಿಗೆ ಅಳಿದ ಕಂಪಿಲಿಯ ಕತೆಯಲ್ಲಿ ಶೌರ್ಯವು ಅರ್ಧ ಮಾತ್ರ. ಉಳಿದರ್ಧವು ಮಲತಾಯಿ ರತ್ನಾಜಿಯ ಮೋಹ, ಮುದಿ ತಂದೆಯ ದುಡುಕು, ಮಂತ್ರಿ ಬೈಚಪ್ಪನ ಜಾಣ್ಮೆ. ನಂಜುಂಡಕವಿಯ ಸಾಂಗತ್ಯವು ಇಂದಿಗೂ ಬಾಳಿರುವುದು ಆ ಮನೆಯೊಳಗಣ ಸಂಕಟದಿಂದ. ಶಿವರಾಜಕುಮಾರರ ಶ್ರಮವನ್ನು ಮೆಚ್ಚಬೇಕು. ಆದರೆ ಕಾಳಗಗಳ ಅಬ್ಬರದಲ್ಲಿ ರತ್ನಾಜಿಯು ಕೇವಲ ದುಷ್ಟಳಾಗಿ ಸಣ್ಣವಳಾದಳು. ಆಕೆ ಸಣ್ಣವಳಾದರೆ ‘ಪರನಾರೀಸೋದರ’ನ ಹಿರಿಮೆಯೂ ಅಷ್ಟೇ ಕುಗ್ಗುವುದು.

ಹಾಂಗ್‌ಕಾಂಗಿನ ಜಾಕಿ ಚಾನನ ‘ದಿ ಮಿಥ್’ (2005) ಹಂಪೆಗೇ ಬಂದು ತೆಗೆದ ಚಿತ್ರ. ಬಂಡೆ, ನದಿ, ಗುಡಿಗಳೆಲ್ಲ ನಿಜವಾದವೇ. ಚರಿತ್ರೆ ಮಾತ್ರ ಬೇರೆಲ್ಲಿಯದೋ. ಅರಮನೆಯ ರಂಗಸಜ್ಜಿನಲ್ಲಿ ರಾಯನ ಕತೆಯನ್ನು ಹೇಳಿದವರಿಗೆ ಕಲ್ಲು ದೊರೆಯಲಿಲ್ಲ, ಕಲ್ಲು ದೊರೆತವನಿಗೆ ಕತೆ ಬೇಕಿರಲಿಲ್ಲ!

ಇವೆಲ್ಲಕ್ಕಿಂತ ಈ ನೆಲಕ್ಕೆ ಹತ್ತಿರವಾದ ಚಿತ್ರದಲ್ಲಿ ಅರಸನೇ ಇಲ್ಲ. ಜೇಕಬ್ ವರ್ಗೀಸ್ ಅವರ ‘ಪೃಥ್ವಿ’ (2010) ಬಳ್ಳಾರಿಯ ಜಿಲ್ಲಾಧಿಕಾರಿಯೊಬ್ಬನು ಅಕ್ರಮ ಗಣಿಗಾರಿಕೆಯನ್ನು ಎದುರಿಸುವ ಕತೆ. ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿಯೂ ಗಣಿಗಳನ್ನು ನಿಲ್ಲಿಸಿದ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯೂ 2011ರ ಜುಲೈಯಲ್ಲಿ ಬಂದವು. ಚಿತ್ರವು ಅದಕ್ಕೆ ಮುಂಚಿನದು. ನಡೆಯುತ್ತಿದ್ದ ಅನ್ಯಾಯವನ್ನು ನಡೆಯುತ್ತಿರುವಾಗಲೇ ಹೇಳಿದ ಧೈರ್ಯಕ್ಕೆ ಮನ್ನಣೆ ಸಲ್ಲಬೇಕು. ಕಡೆಗೆ ಪುನೀತ್ ರಾಜಕುಮಾರರ ತೋಳ್ಬಲದ ಮೇಲೆ ಭಾರ ಹಾಕಿದ್ದು ಸಿನಿಮಾದ ಹಳೆಯ ಚಾಳಿ. ಅಂಗಳದ ತುಳಸಿಯ ಎಲೆಯ ಮೇಲೂ ಕೆಂಧೂಳನ್ನು ಕಂಡ ಸಂಡೂರಿನ ಗೃಹಿಣಿಯು ಆ ಹೊಡೆದಾಟಗಳನ್ನು ನಂಬಲಾರಳು, ಧೂಳನ್ನು ನಂಬುವಳು.