ಮರಳಿ ಬರುವ ನಟ, ಕಾಯುವ ಪ್ರೇಕ್ಷಕ: ವೀರರ ಸಮಾಗಮ ಎಂಬ ಪರಂಪರೆಯ ವಿಮರ್ಶೆ

ಪ್ರೇಕ್ಷಕರಿಗೆ ಮೊದಲೇ ಪರಿಚಿತನಾದ ನಟನೊಬ್ಬ ಪರಿಚಿತ ಪಾತ್ರದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆಂಬ ಸುದ್ದಿಯೇ ಒಂದು ಪ್ರದರ್ಶನದ ಮುಖ್ಯ ಆಕರ್ಷಣೆಯಾಗುವುದನ್ನು ಅಮೆರಿಕದ ಸೂಪರ್‌ಹೀರೋ ಚಿತ್ರಗಳು ಹುಟ್ಟುಹಾಕಿದ ಹೊಸ ರೂಢಿಯೆಂದು ಭಾವಿಸುವುದುಂಟು. ಆದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ದೊಡ್ಡಾಟ ಮತ್ತು ಹಳ್ಳಿ ನಾಟಕಗಳಿಂದ ಹಿಡಿದು ವೃತ್ತಿ ಕಂಪನಿಗಳ ಪೌರಾಣಿಕ ನಾಟಕಗಳವರೆಗೆ, ಅಲ್ಲಿಂದ ಮುಂದೆ ಹಲವು ನಾಯಕನಟರು ಒಂದುಗೂಡುವ ಕನ್ನಡ ಚಲನಚಿತ್ರಗಳವರೆಗೆ ಇದೇ ನಿರೀಕ್ಷೆ ಬೇರೆ ಬೇರೆ ರೂಪಗಳಲ್ಲಿ ಕೆಲಸ ಮಾಡುತ್ತ ಬಂದಿದೆ. ಈ ಪರಂಪರೆಯ ಗುಣದೋಷಗಳನ್ನು ತೂಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಅಭಿಮಾನಿಯ ಕಾಯುವಿಕೆ ಬರಿಯ ಭಕ್ತಿಯಲ್ಲ, ಅದು ನಟನ ಮುಂದೆ ಇಟ್ಟ ಬೇಡಿಕೆ, ಮರಳಿ ಬಂದ ನಟನಿಗೆ ಹೊಸ ಹೊಣೆಯನ್ನು ಹೊರಿಸಿದ ಕೃತಿ ಆ ಬೇಡಿಕೆಯನ್ನು ಗೌರವಿಸುತ್ತದೆ, ಅವನ ದರ್ಶನವನ್ನಷ್ಟೇ ಮಾಡಿಸಿ ಕಳಿಸುವ ಕೃತಿ ಅದನ್ನು ದುಡಿಸಿಕೊಳ್ಳುತ್ತದೆ.

ಬೇರೆ ಬೇರೆ ಕಥಾಸರಣಿಗಳ ನಾಯಕರು ಒಂದೇ ಕಥೆಯೊಳಗೆ ಸಂಧಿಸುವ ಚಿತ್ರವನ್ನು ಕ್ರಾಸ್‌ಓವರ್ ಎನ್ನುತ್ತಾರೆ. 2021ರ ಡಿಸೆಂಬರಿನಲ್ಲಿ ತೆರೆಕಂಡ ‘ಸ್ಪೈಡರ್-ಮ್ಯಾನ್: ನೋ ವೇ ಹೋಮ್’ ಚಿತ್ರದಲ್ಲಿ ಹಿಂದಿನ ಎರಡು ಸರಣಿಗಳಲ್ಲಿ ಇದೇ ಪಾತ್ರವನ್ನು ವಹಿಸಿದ್ದ ಟೋಬಿ ಮ್ಯಾಗ್ವಾಯರ್ ಮತ್ತು ಆಂಡ್ರ್ಯೂ ಗಾರ್ಫೀಲ್ಡ್ ಹೊಸ ನಾಯಕ ಟಾಮ್ ಹಾಲೆಂಡ್ ಜೊತೆ ಕಾಣಿಸಿಕೊಂಡರು. ಅವರು ಬರುವರೋ ಇಲ್ಲವೋ ಎಂಬ ಊಹಾಪೋಹ ತಿಂಗಳುಗಟ್ಟಲೆ ನಡೆದಿತ್ತಾದರೂ ಆ ಚಿತ್ರ ನೆನಪಿನಲ್ಲಿ ಉಳಿದದ್ದು ಊಹೆ ನಿಜವಾದ ಕಾರಣಕ್ಕಷ್ಟೇ ಅಲ್ಲ. 2014ರ ಚಿತ್ರದಲ್ಲಿ ಎತ್ತರದಿಂದ ಬೀಳುತ್ತಿದ್ದ ಪ್ರೇಯಸಿಯನ್ನು ಉಳಿಸಿಕೊಳ್ಳಲಾರದೆ ಹೋದ ಗಾರ್ಫೀಲ್ಡ್‌ನ ಪಾತ್ರಕ್ಕೆ ಇಲ್ಲಿ ಹಾಗೆಯೇ ಬೀಳುತ್ತಿರುವ ಇನ್ನೊಬ್ಬ ಹುಡುಗಿಯನ್ನು ಹಿಡಿದು ಕಾಪಾಡುವ ಪ್ರಸಂಗ ಒದಗುತ್ತದೆ. ಅವಳನ್ನು ನೆಲಕ್ಕಿಳಿಸಿದಾಗ ಅವನ ಮುಖದಲ್ಲಿ ಮೂಡುವ ದುಃಖ ಹಳೆಯ ಚಿತ್ರ ನೋಡಿದವರಿಗೆ ಮಾತ್ರ ಪೂರ್ತಿಯಾಗಿ ಅರ್ಥವಾಗುತ್ತದೆ. ಅಂದರೆ ಪ್ರೇಕ್ಷಕರ ನೆನಪು ಇಲ್ಲಿ ಕಥೆಯ ಒಂದು ಅಂಗವಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ 2025ರ ಮಾರ್ಚಿನಲ್ಲಿ ‘ಅವೆಂಜರ್ಸ್: ಡೂಮ್ಸ್‌ಡೇ’ ಚಿತ್ರದ ಕಲಾವಿದರ ಹೆಸರುಗಳನ್ನು ಪ್ರಕಟಿಸುವಾಗ ಮಾರ್ವೆಲ್ ಸಂಸ್ಥೆ ಹೆಸರು ಬರೆದ ಕುರ್ಚಿಗಳನ್ನು ಒಂದೊಂದಾಗಿ ತೋರಿಸುತ್ತ ಐದು ಗಂಟೆಗೂ ಹೆಚ್ಚು ಕಾಲ ನೇರಪ್ರಸಾರ ನಡೆಸಿತು. ಕಥೆಯ ಒಂದು ಎಳೆಯೂ ಗೊತ್ತಿಲ್ಲದೆ ಖಾಲಿ ಕುರ್ಚಿಗಳನ್ನು ಜನ ನೋಡುತ್ತ ಕುಳಿತದ್ದು ನಿರೀಕ್ಷೆಯೇ ಸ್ವತಂತ್ರ ಸರಕಾಗಬಲ್ಲದು ಎಂಬುದಕ್ಕೆ ಸಾಕ್ಷಿ.

ಈ ಎರಡು ಸಾಧ್ಯತೆಗಳೂ ಕನ್ನಡದ ರಂಗಪರಂಪರೆಗೆ ಹೊಸವಲ್ಲ. ಉತ್ತರ ಕರ್ನಾಟಕದ ದೊಡ್ಡಾಟ, ಅಂದರೆ ಪುರಾಣದ ಕಥೆಯನ್ನು ಹಾಡು, ಕುಣಿತ, ಮಾತುಗಳಲ್ಲಿ ಇಡೀ ರಾತ್ರಿ ಆಡುವ ಬಯಲಾಟದ ಪ್ರಕಾರ, ಪಾತ್ರದ ಪ್ರವೇಶಕ್ಕೆ ಕೊಡುವಷ್ಟು ಮಹತ್ವವನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ. ಕಿರೀಟ, ಭುಜಕೀರ್ತಿ ತೊಟ್ಟ ವೇಷಧಾರಿ ಇಬ್ಬರು ಹಿಡಿದ ತೆರೆಯ ಹಿಂದೆ ಬಂದು ನಿಲ್ಲುತ್ತಾನೆ. ಮದ್ದಳೆ, ತಾಳಗಳ ಗತಿ ಏರುತ್ತಿದ್ದಂತೆ ಮೊದಲು ಕಾಲಿನ ಗೆಜ್ಜೆಯ ಸದ್ದು ಕೇಳುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಾಣುತ್ತದೆ, ಆಮೇಲೆ ತೆರೆ ಸರಿಯುತ್ತದೆ. ಅವನು ಕುಣಿದು ನಿಂತ ಬಳಿಕ ಸಾರಥಿ, ಅಂದರೆ ಪಾತ್ರಗಳನ್ನು ಮಾತಾಡಿಸುತ್ತ ಆಟವನ್ನು ನಡೆಸುವವನು, ಬಂದವನು ಯಾರು, ಯಾವ ದೇಶದ ಅರಸನೆಂದು ವಿಚಾರಿಸುತ್ತಾನೆ. ವೇಷಧಾರಿ ತನ್ನ ಬಿರುದುಬಾವಲಿಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ನೆರೆದ ಜನಕ್ಕೆ ಬಂದವನು ದುರ್ಯೋಧನನೆಂಬುದೂ ಗೊತ್ತು, ವೇಷದ ಒಳಗಿರುವವನು ಯಾವ ಓಣಿಯವನೆಂಬುದೂ ಗೊತ್ತು. ಹಾಗಿದ್ದೂ ಆ ಪ್ರಶ್ನೆ ವ್ಯರ್ಥವೆನಿಸುವುದಿಲ್ಲ. ಏಕೆಂದರೆ ಹಗಲೆಲ್ಲ ಹೊಲದಲ್ಲಿ ದುಡಿದ ಮನುಷ್ಯ ಈ ರಾತ್ರಿ ಅರಸನೆನಿಸಿಕೊಳ್ಳಲು ಅರ್ಹನೇ ಎಂಬುದನ್ನು ಊರೇ ಕೂತು ಪರೀಕ್ಷಿಸುವ ಕ್ಷಣ ಅದು. ಇಂದಿನ ಚಿತ್ರಗಳಲ್ಲಿ ಎಂಟ್ರಿ ಎಂದು ಕರೆಸಿಕೊಳ್ಳುವ ನಾಯಕನ ಪ್ರವೇಶದೃಶ್ಯದ ವ್ಯಾಕರಣವೆಲ್ಲ ಈ ತೆರೆಯ ಹಿಂದೆಯೇ ಇದೆ. ಇಲ್ಲದಿರುವುದು ಆ ಪರೀಕ್ಷೆ.

ಹಾವೇರಿ, ರಾಣೇಬೆನ್ನೂರು ಸೀಮೆಯ ಮೇಡ್ಲೇರಿಯಂತಹ ಊರುಗಳಲ್ಲಿ, ಉತ್ತರ ಕರ್ನಾಟಕದ ಉಳಿದ ಭಾಗಗಳಲ್ಲಿಯಂತೆ, ಜಾತ್ರೆ ಮತ್ತು ಬೇಸಿಗೆಯ ಬಿಡುವಿನ ದಿನಗಳಲ್ಲಿ ಆಡುವ ಸಾಮಾಜಿಕ ನಾಟಕಗಳು ಇದೇ ನಿರೀಕ್ಷೆಯ ಇನ್ನೊಂದು ಮುಖವನ್ನು ತೋರಿಸುತ್ತವೆ. ಗಂಡುಪಾತ್ರಗಳನ್ನು ಊರಿನವರೇ ಹಾರ್ಮೋನಿಯಂ ಮಾಸ್ತರರ ಕೈಯಲ್ಲಿ ತಾಲೀಮು ಮಾಡಿ ಕಲಿಯುತ್ತಾರೆ. ಹೆಣ್ಣುಪಾತ್ರಗಳಿಗೆ ವೃತ್ತಿನಟಿಯರನ್ನು ಪರಸ್ಥಳದಿಂದ ಕರೆಸುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ನಾಟಕಕಾರನ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ ನಟಿಯರ ಹೆಸರು, ಭಾವಚಿತ್ರಗಳು ಅಚ್ಚಾಗುವುದು ಸಾಮಾನ್ಯ. ಹೋದ ವರ್ಷ ಜನರನ್ನು ಅಳಿಸಿದ ನಟಿ ಈ ವರ್ಷವೂ ಬರುತ್ತಾಳೆಯೇ ಎಂಬುದು ನಾಟಕ ಯಾವುದು ಎಂಬುದಕ್ಕಿಂತ ಮೊದಲು ಕೇಳುವ ಪ್ರಶ್ನೆ. ಇಲ್ಲಿ ನಿರೀಕ್ಷೆಯ ಭಾರವನ್ನೆಲ್ಲ ಹೊರುವವಳು ತಾಲೀಮಿಗೂ ಸಮಯ ಸಿಗದೆ ಪ್ರದರ್ಶನದ ಹೊತ್ತಿಗೆ ಬಂದಿಳಿದು, ಹೊಸ ಊರಿನ ಹೊಸ ಸಹನಟರ ಎದುರು ಪಾತ್ರವನ್ನು ನಿಭಾಯಿಸುವ ಕಲಾವಿದೆ. ಅವಳ ಕೌಶಲವನ್ನು ವಿಮರ್ಶೆ ಗಂಭೀರವಾಗಿ ಪರಿಗಣಿಸದಿರುವುದು ಈ ಪರಂಪರೆಗೆ ಆಗಿರುವ ದೊಡ್ಡ ಅನ್ಯಾಯ.

ನಟ ಮತ್ತು ಪಾತ್ರ ಬೇರ್ಪಡಿಸಲಾರದಷ್ಟು ಬೆರೆತುಹೋಗುವುದಕ್ಕೆ ವೃತ್ತಿ ರಂಗಭೂಮಿ ಕೊಟ್ಟ ಉನ್ನತ ಉದಾಹರಣೆ ಏಣಗಿ ಬಾಳಪ್ಪನವರದು. 1914ರಲ್ಲಿ ಹುಟ್ಟಿ ಶತಾಯುಷಿಯಾಗಿ 2017ರಲ್ಲಿ ತೀರಿಕೊಂಡ ಅವರು ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ ಬೆಳೆಸಿದವರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಉತ್ತರ ಕರ್ನಾಟಕದ ಮನೆಮನೆಗೆ ಪರಿಚಿತರಾದವರು. ಆ ಪಾತ್ರಕ್ಕಾಗಿ ಮತ್ತೆ ಮತ್ತೆ ಬಂದ ಜನಕ್ಕೆ ಕಥೆಯಲ್ಲಿ ತಿಳಿಯಬೇಕಾದ ಹೊಸದೇನೂ ಇರಲಿಲ್ಲ. ತಮಗೆ ಗೊತ್ತಿರುವ ಬಸವಣ್ಣ ಈ ಸಲವೂ ಅದೇ ತೂಕದಿಂದ ನುಡಿಯುತ್ತಾನೆಯೇ ಎಂಬುದೇ ಅವರ ಕುತೂಹಲವಾಗಿತ್ತು. ಪುನರಾವರ್ತನೆ ಇಲ್ಲಿ ಸವಕಲಾಗದೆ ಉಳಿದದ್ದು ಪ್ರತಿ ರಾತ್ರಿ ಪಾತ್ರವನ್ನು ಮೊದಲಿನಿಂದ ಗಳಿಸಿಕೊಳ್ಳಲೇಬೇಕಾದ ರಂಗಭೂಮಿಯ ನಿಯಮದಿಂದ.

ವೀರರ ಸಮಾಗಮ ಎಂಬ ಕಲ್ಪನೆಗೆ ನಮ್ಮಲ್ಲಿ ಆದಿಯಿಂದಲೂ ಮಹಾಭಾರತವೇ ಆಶ್ರಯ. ಬೇರೆ ಬೇರೆ ಆಖ್ಯಾನಗಳಲ್ಲಿ ತಮ್ಮದೇ ಕೀರ್ತಿ ಗಳಿಸಿದ ಭೀಷ್ಮ, ಕರ್ಣ, ಅಭಿಮನ್ಯು, ದುರ್ಯೋಧನರೆಲ್ಲ ಒಂದೇ ರಣಭೂಮಿಯಲ್ಲಿ ಕೂಡುವ ಕಥೆಗೆ ಒಂದೊಂದು ಪಾತ್ರಕ್ಕೂ ಸಮರ್ಥ ನಟರು ಬೇಕು. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ರಂಗಕ್ಕೆ ತಂದ ‘ಕುರುಕ್ಷೇತ್ರ’ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ನಾಡಿನಲ್ಲೆಲ್ಲ ಮಾತಾಯಿತು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ಆಡುವಾಗ ಪಾತ್ರಗಳಿಗೆ ಬೆಲೆ ಕಟ್ಟುವ, ಹೆಚ್ಚು ಹಣ ಕೊಟ್ಟವನಿಗೆ ದುರ್ಯೋಧನ, ಕೃಷ್ಣರಂತಹ ದೊಡ್ಡ ಪಾತ್ರ ಸಲ್ಲುವ ರೂಢಿಯಿದೆ. ಪಾತ್ರದ ಹಿರಿಮೆಯನ್ನು ನಟನ ಯೋಗ್ಯತೆಯಿಂದ ಬೇರೆ ಮಾಡಿ ಹಣಕ್ಕೆ ಜೋಡಿಸಿದಾಗ ಏನಾಗುತ್ತದೆಂಬುದನ್ನು, ಎಂದರೆ ಪ್ರವೇಶಕ್ಕೆ ಹೂವಿನ ಹಾರಗಳು ಬೀಳುತ್ತ ಸಂಭಾಷಣೆ ನಿಂತುಹೋಗುವುದನ್ನು, ಈ ರೂಢಿ ಮುಂಚಿತವಾಗಿಯೇ ತೋರಿಸಿಕೊಟ್ಟಿದೆ.

ಈ ಪರಂಪರೆಯ ಅತ್ಯಂತ ಪ್ರೌಢ ರೂಪ ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯಲ್ಲಿದೆ. ವೇಷ, ಕುಣಿತಗಳಿಲ್ಲದೆ ಭಾಗವತರ ಹಾಡಿನ ಜೊತೆ ಕೇವಲ ಮಾತಿನಿಂದಲೇ ಪ್ರಸಂಗವನ್ನು ಕಟ್ಟುವ ಈ ಕಲೆಯಲ್ಲಿ ಪಾತ್ರ ವಹಿಸುವವರನ್ನು ಅರ್ಥಧಾರಿಗಳೆನ್ನುತ್ತಾರೆ. ಅವರ ಮಾತು ಬರೆದಿಟ್ಟದ್ದಲ್ಲ, ಎದುರಾಳಿಯ ವಾದಕ್ಕೆ ತಕ್ಕಂತೆ ಆ ಕ್ಷಣದಲ್ಲಿ ಹುಟ್ಟುವಂಥದ್ದು. ಶೇಣಿ ಗೋಪಾಲಕೃಷ್ಣ ಭಟ್, ಮಲ್ಪೆ ರಾಮದಾಸ ಸಾಮಗ, ಕುಂಬಳೆ ಸುಂದರ ರಾವ್ ಅವರಂತಹ ಅರ್ಥಧಾರಿಗಳ ಕಾಲದಲ್ಲಿ ಯಾರ ಎದುರಿಗೆ ಯಾರು ಎಂಬುದೇ ಕೂಟದ ಆಕರ್ಷಣೆಯಾಗಿತ್ತು. ‘ವಾಲಿವಧೆ’ಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕೆ ಬಿದ್ದ ವಾಲಿ ಪ್ರಶ್ನಿಸುತ್ತಾನೆಂಬುದು, ಕೊನೆಗೆ ಏನಾಗುವುದೆಂಬುದು ಎಲ್ಲರಿಗೂ ಗೊತ್ತು, ಆದರೆ ಸಮರ್ಥನೊಬ್ಬ ವಾಲಿಯಾಗಿ ಕುಳಿತಾಗ ಧರ್ಮದ ಪ್ರಶ್ನೆ ಎಷ್ಟು ಹರಿತವಾಗುವುದು, ಅದಕ್ಕೆ ಇನ್ನೊಬ್ಬ ಸಮರ್ಥ ರಾಮನಾಗಿ ಯಾವ ಉತ್ತರ ಕಂಡುಕೊಳ್ಳುವನು ಎಂಬುದು ಮೊದಲೇ ಯಾರಿಗೂ ತಿಳಿಯದು. ಇಬ್ಬರು ಪ್ರಸಿದ್ಧರನ್ನು ಒಂದುಗೂಡಿಸುವುದರ ಸಾರ್ಥಕತೆ ಅವರನ್ನು ಒಟ್ಟಿಗೆ ಕಾಣುವುದರಲ್ಲಿಲ್ಲ, ಒಬ್ಬನಿಲ್ಲದಿದ್ದರೆ ಇನ್ನೊಬ್ಬನ ಬಾಯಿಂದ ಹುಟ್ಟುತ್ತಲೇ ಇರಲಿಲ್ಲ ಎಂಬಂತಹ ಮಾತು ಹುಟ್ಟುವುದರಲ್ಲಿದೆ ಎಂಬ ತತ್ತ್ವವನ್ನು ತಾಳಮದ್ದಳೆಯಷ್ಟು ಖಚಿತವಾಗಿ ಬೇರೆ ಯಾವ ಕಲೆಯೂ ಸ್ಥಾಪಿಸಿಲ್ಲ.

ಕನ್ನಡ ಚಲನಚಿತ್ರ ಈ ತತ್ತ್ವವನ್ನು ಅಲ್ಲಲ್ಲಿ ಮುಟ್ಟಿದೆ, ಬಹುಪಾಲು ಕೈಬಿಟ್ಟಿದೆ. 1973ರ ‘ಗಂಧದ ಗುಡಿ’ಯಲ್ಲಿ ಒಂದಾಗಿ ನಟಿಸಿದ ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಆಮೇಲೆ ಎಂದೂ ಒಂದೇ ಚಿತ್ರದಲ್ಲಿ ನಟಿಸಲಿಲ್ಲ, ಮೂರು ದಶಕಗಳಿಗೂ ಮೀರಿದ ಆ ನಿರೀಕ್ಷೆ 2006ರಲ್ಲಿ ರಾಜ್‌ಕುಮಾರ್, 2009ರಲ್ಲಿ ವಿಷ್ಣುವರ್ಧನ್ ಅಗಲುವುದರೊಂದಿಗೆ ಈಡೇರದೆಯೇ ಮುಗಿಯಿತು, ಅಷ್ಟರಲ್ಲಿ ಅದು ಎರಡು ಅಭಿಮಾನಿ ಬಳಗಗಳ ನಡುವಿನ ಕಹಿಯಾಗಿಯೂ ಮಾರ್ಪಟ್ಟಿತ್ತು. 1972ರ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಷ್ ಎದುರುಬದುರಾದದ್ದನ್ನು ಕಂಡವರಿಗೆ 2001ರ ‘ದಿಗ್ಗಜರು’ ಚಿತ್ರದಲ್ಲಿ ಅವರನ್ನೇ ಜೀವದ ಗೆಳೆಯರಾಗಿ ಕಾಣುವುದು ಸಣ್ಣ ಸಂತೋಷವಾಗಿರಲಿಲ್ಲ. ತೆರೆಯ ಆಚೆಗಿನ ಅವರ ಸ್ನೇಹವೂ ಆ ಕಥೆಗೆ ಬಲ ತಂದಿತು. ಆದರೆ ತಮಿಳಿನ ‘ನಟ್ಪುಕ್ಕಾಗ’ ಚಿತ್ರದ ಈ ಮರುನಿರ್ಮಾಣ ಅವರಿಬ್ಬರು ಜೊತೆಯಾಗಿ ಸಾಗಿದ ಮೂವತ್ತು ವರ್ಷಗಳ ನೆನಪಿನಿಂದ ಹುಟ್ಟಿದ ಕಥೆಯಾಗಿರಲಿಲ್ಲ. ನೆನಪು ಪ್ರೇಕ್ಷಕರದು, ಕಥೆ ಎರವಿನದು. ರಾಜ್‌ಕುಮಾರ್ ಮತ್ತು ಪುನೀತ್ ತಂದೆಮಕ್ಕಳಾಗಿ ಎದುರುಬದುರಾದ 1983ರ ‘ಭಕ್ತ ಪ್ರಹ್ಲಾದ’ ಇದಕ್ಕಿಂತ ಮೇಲಿನ ಸ್ತರದ್ದು, ಏಕೆಂದರೆ ಅಲ್ಲಿ ನಿಜಜೀವನದ ಸಂಬಂಧ ಹಿರಣ್ಯಕಶಿಪುವಿನ ಕ್ರೌರ್ಯವನ್ನು ನೋಡುವವರಿಗೆ ಇನ್ನಷ್ಟು ದುಸ್ಸಹಗೊಳಿಸುತ್ತದೆ.

ಈ ಧಾರೆಯ ಅತಿ ದೊಡ್ಡ ಪ್ರಯತ್ನ 2019ರ ಆಗಸ್ಟಿನಲ್ಲಿ ತೆರೆಕಂಡ, ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’. ದುರ್ಯೋಧನನಾಗಿ ದರ್ಶನ್, ಕೃಷ್ಣನಾಗಿ ರವಿಚಂದ್ರನ್, ಕರ್ಣನಾಗಿ ಅರ್ಜುನ್ ಸರ್ಜಾ, ಧರ್ಮರಾಯನಾಗಿ ಶಶಿಕುಮಾರ್, ಅಭಿಮನ್ಯುವಾಗಿ ನಿಖಿಲ್ ಕುಮಾರ್ ಸೇರಿದ್ದ ಈ ಚಿತ್ರದಲ್ಲಿ ಭೀಷ್ಮನಾಗಿದ್ದ ಅಂಬರೀಷ್ ಬಿಡುಗಡೆಗೆ ಮೊದಲೇ, 2018ರ ನವೆಂಬರಿನಲ್ಲಿ, ತೀರಿಕೊಂಡಿದ್ದರು. ಆದ್ದರಿಂದ ಶರಶಯ್ಯೆಯ ಭೀಷ್ಮನನ್ನು ಜನ ಕಂಡದ್ದು ಪಾತ್ರದ ಮರಣವನ್ನೂ ನಟನ ಅಗಲಿಕೆಯನ್ನೂ ಬೇರೆ ಮಾಡಲಾಗದ ಮನಃಸ್ಥಿತಿಯಲ್ಲಿ. ರನ್ನನ ‘ಗದಾಯುದ್ಧ’ವನ್ನು ಆಧರಿಸಿ ದುರ್ಯೋಧನನನ್ನು ನಡುವೆ ನಿಲ್ಲಿಸಿಕೊಂಡ ಆಯ್ಕೆ ಕನ್ನಡದ ಕಾವ್ಯಪರಂಪರೆಗೆ ಒಪ್ಪುವಂಥದ್ದು, ಛಲವೇ ಮೈವೆತ್ತ ಆ ಪಾತ್ರ ನಾಯಕನಟನಿಗೆ ನಿಜವಾದ ಹೊಣೆಯನ್ನು ಹೊರಿಸುತ್ತದೆ. ಚಿತ್ರದ ಕೊರತೆಯಿರುವುದು ಉಳಿದ ವೀರರನ್ನು ನಡೆಸಿಕೊಂಡ ಬಗೆಯಲ್ಲಿ. ಪ್ರತಿಯೊಬ್ಬರಿಗೂ ಪ್ರವೇಶದ ವೈಭವ ಹಂಚಿಕೆಯಾಗುತ್ತದೆಯೇ ಹೊರತು ಒಬ್ಬರು ಇನ್ನೊಬ್ಬರನ್ನು ಬದಲಿಸುವಷ್ಟು ಆಳದ ಮುಖಾಮುಖಿ ವಿರಳ. ಕೃಷ್ಣಸಂಧಾನದಂತಹ ಸನ್ನಿವೇಶ ಒಬ್ಬ ಅರ್ಥಧಾರಿಯ ಕೈಯಲ್ಲಿ ಇಡೀ ರಾತ್ರಿಗೆ ಸಾಲುವಷ್ಟು ವಿಸ್ತಾರಗೊಳ್ಳುತ್ತದೆ, ಇಲ್ಲಿ ಅದು ಮುಂದಿನ ವೈಭವದೃಶ್ಯಕ್ಕೆ ದಾರಿಯಾಗುತ್ತದೆ.

ನಿರೀಕ್ಷೆ ಶೋಕದೊಂದಿಗೆ ಬೆರೆತಾಗ ಏನಾಗುವುದೆಂಬುದನ್ನು 2022ರ ಮಾರ್ಚ್ 17ರಂದು, ಪುನೀತ್ ರಾಜ್‌ಕುಮಾರ್ ಅವರ ಜನ್ಮದಿನದಂದು, ಬಿಡುಗಡೆಯಾದ ‘ಜೇಮ್ಸ್’ ತೋರಿಸಿತು. 2021ರ ಅಕ್ಟೋಬರ್ 29ರಂದು ಅವರು ಅಗಲಿದಾಗ ಚಿತ್ರಕ್ಕೆ ಕಂಠದಾನ ಆಗಿರಲಿಲ್ಲವಾದ್ದರಿಂದ ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ದನಿ ಕೊಟ್ಟರು. ಕಥೆ ಸಾಧಾರಣವಾದ ಸಾಹಸಚಿತ್ರದ್ದಾದರೂ, ತಮ್ಮನ ಮುಖದಿಂದ ಅಣ್ಣನ ದನಿ ಬರುವುದನ್ನು ಕೇಳಿದ ಪ್ರೇಕ್ಷಕರಿಗೆ ದೊರೆತ ಅನುಭವ ಸಾಧಾರಣವಾಗಿರಲಿಲ್ಲ. ಅನಂತರ ತಂತ್ರಜ್ಞಾನದ ಸಹಾಯದಿಂದ ಪುನೀತ್ ಅವರದೇ ದನಿ ಅಳವಡಿಸಿದ ಆವೃತ್ತಿಯೂ ಬಂತು. ಅಗಲಿದವರನ್ನು ಮರಳಿ ಕಾಣುವ ಹಂಬಲ ಮನುಷ್ಯಸಹಜವಾದರೂ, ಯಂತ್ರ ರೂಪಿಸಿದ ದನಿಗಿಂತ ಅಣ್ಣನೊಬ್ಬ ತನ್ನ ದುಃಖವನ್ನು ನುಂಗಿಕೊಂಡು ಕೊಟ್ಟ ದನಿಯಲ್ಲಿ ಹೆಚ್ಚಿನ ಸತ್ಯವಿತ್ತು. ಮರಳುವಿಕೆ ಅಲ್ಲಿ ಯಾರೋ ಬದುಕಿರುವವರು ಹೊತ್ತ ಹೊಣೆಯಾಗಿತ್ತು.

ಹೀಗೆ ನೋಡಿದಾಗ ಕಟೌಟ್ ನಿಲ್ಲಿಸಿ, ಹಾಲೆರೆದು, ಮೊದಲ ದಿನದ ಮೊದಲ ಆಟಕ್ಕೆ ಮುಗಿಬೀಳುವ ಅಭಿಮಾನಿಗಳನ್ನು ಅವಿವೇಕಿಗಳೆಂದು ತಳ್ಳಿಹಾಕುವ ವಿಮರ್ಶೆಯೂ, ಅವರ ಸಂಭ್ರಮವೇ ಚಿತ್ರದ ಯೋಗ್ಯತೆಗೆ ಪ್ರಮಾಣವೆನ್ನುವ ಪ್ರಚಾರವೂ ಸಮನಾಗಿ ತಪ್ಪುತ್ತವೆ. ಹಿಂದಿನ ಪಾತ್ರಗಳ ಮಾತು, ನಡೆ, ಸೋಲು, ಗೆಲುವುಗಳನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಪ್ರೇಕ್ಷಕವರ್ಗ ಯಾವುದೇ ಕಲೆಗೆ ಸುಲಭವಾಗಿ ಒದಗುವ ಸಂಪತ್ತಲ್ಲ. ಆ ಸಂಪತ್ತನ್ನು ಹೇಗೆ ಬಳಸಬೇಕೆಂಬ ಪಾಠ ದೊಡ್ಡಾಟದ ಸಾರಥಿಯ ಪ್ರಶ್ನೆಯಲ್ಲಿ, ಬಾಳಪ್ಪನವರ ಬಸವಣ್ಣನಲ್ಲಿ, ತಾಳಮದ್ದಳೆಯ ಸಂವಾದದಲ್ಲಿ ಆಗಲೇ ಇರುವಾಗ ಚಿತ್ರರಂಗ ಅದಕ್ಕಾಗಿ ಮಾರ್ವೆಲ್‌ನ ಬಾಗಿಲಿಗೆ ಹೋಗಬೇಕಾಗಿಲ್ಲ. ಇನ್ನು ಮುಂದೆ ಇಬ್ಬರು ಮೂವರು ನಾಯಕನಟರನ್ನು ಒಂದೆಡೆ ತರುವ ಚಿತ್ರಕಥೆಗಾರರು ಯಾರಿಗೆ ಎಷ್ಟು ನಿಮಿಷ, ಯಾರಿಗೆ ಎಷ್ಟು ಹೊಡೆದಾಟ ಎಂದು ಹಂಚುವ ಮೊದಲು, ಇವರು ಸೇರದಿದ್ದರೆ ನಡೆಯಲಾರದಂಥದ್ದು ತಮ್ಮ ಕಥೆಯಲ್ಲಿ ಏನಿದೆ ಎಂದು ಕೇಳಿಕೊಳ್ಳಬೇಕು. ಪ್ರೇಕ್ಷಕರೂ ಯಾರು ಬರುತ್ತಾರೆ ಎಂದು ಕೇಳುವಷ್ಟೇ ಗಟ್ಟಿಯಾಗಿ, ಬಂದು ಏನು ಮಾಡುತ್ತಾರೆ ಎಂದೂ ಕೇಳಬೇಕು.