ಅರ್ಧ ವಾಕ್ಯದ ಸಿನಿಮಾ

ಆರನ್ ರುಸ್ಸೋನ ‘ಅಮೆರಿಕ: ಫ್ರೀಡಂ ಟು ಫ್ಯಾಸಿಸಂ’ ಸಾಕ್ಷ್ಯಚಿತ್ರ ತೆರೆ ಕಂಡದ್ದು 2006ರ ಜುಲೈನಲ್ಲಿ. ಥಿಯೇಟರುಗಳಿಗಿಂತ ಡಿವಿಡಿಯಲ್ಲಿ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಓಡಾಡಿದ್ದೇ ಹೆಚ್ಚು. ‘ಧೈರ್ಯದ ಚಿತ್ರ’ ಎಂಬ ಬಿರುದು ಅದಕ್ಕೆ ಅಂಟಿದ್ದೂ ಅಲ್ಲಿಯೇ, ಇವತ್ತಿಗೂ ಬಿಟ್ಟಿಲ್ಲ. ನನಗೆ ಅದನ್ನು ತಂದುಕೊಟ್ಟವರು ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ. ರಜೆಗೆ ಬಂದವರು ಸೂಟ್‌ಕೇಸಿನಿಂದ ಚಾಕೊಲೇಟಿನ ಜೊತೆಗೆ ಡಿವಿಡಿಯನ್ನೂ ತೆಗೆದು, “ನೋಡು ಇದನ್ನ. ಅಲ್ಲಿ ಇನ್‌ಕಂ ಟ್ಯಾಕ್ಸ್ ಕಟ್ಟಲೇಬೇಕು ಅನ್ನೋ ಕಾನೂನೇ ಇಲ್ಲವಂತೆ” ಅಂದರು. ಅವರ ಮಾತಿನ ಕೊನೆಯಲ್ಲಿದ್ದ ‘ಅಂತೆ’ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ನನ್ನ ತಕರಾರಿನ ಮುಕ್ಕಾಲು ಪಾಲು ಅದೇ.

ರುಸ್ಸೋ ಹವ್ಯಾಸಿಯಲ್ಲ. ಗಾಯಕಿ ಬೆಟ್ ಮಿಡ್ಲರ್‌ಗೆ ಮ್ಯಾನೇಜರ್ ಆಗಿದ್ದವನು, 1983ರ ‘ಟ್ರೇಡಿಂಗ್ ಪ್ಲೇಸಸ್’ನ ನಿರ್ಮಾಪಕ. ಪ್ರೇಕ್ಷಕ ಯಾವಾಗ ನಗುತ್ತಾನೆ, ಯಾವಾಗ ಹಲ್ಲು ಕಡಿಯುತ್ತಾನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಚಿತ್ರ ಒಂದೇ ಒಂದು ಪ್ರಶ್ನೆ ಹಿಡಿದು ಹೊರಡುತ್ತದೆ: ಸಾಮಾನ್ಯ ಪ್ರಜೆ ಫೆಡರಲ್ ವರಮಾನ ತೆರಿಗೆ ಕಟ್ಟಬೇಕೆಂದು ಹೇಳುವ ಕಾನೂನು ಯಾವುದು, ತೋರಿಸಿ. ಉತ್ತರ ಮೂರು ಸಾಲಿನದು. ಅಮೆರಿಕದ ತೆರಿಗೆ ಸಂಹಿತೆಯ ಸೆಕ್ಷನ್ 1 ತೆರಿಗೆ ಹೇರುತ್ತದೆ, 61 ಆದಾಯವೆಂದರೇನೆಂದು ಹೇಳುತ್ತದೆ, 6012 ರಿಟರ್ನ್ ಸಲ್ಲಿಸು ಎನ್ನುತ್ತದೆ, 6151 ಹಣ ಕಟ್ಟು ಎನ್ನುತ್ತದೆ. ಬೇಕೆಂದೇ ತಪ್ಪಿಸಿದವನಿಗೆ 7203 ಇದೆ. ವಿಮರ್ಶೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಇಷ್ಟು ಸಣ್ಣ ಉತ್ತರವಿರುವ ಪ್ರಶ್ನೆಯನ್ನು ಇಟ್ಟುಕೊಂಡು ಅಷ್ಟು ಹೊತ್ತು ಜನರನ್ನು ಕೂರಿಸಿದ ಕಸುಬು ಎಂಥದು ಎಂಬುದನ್ನು ನೋಡಬೇಕು.

ಆ ಕಸುಬು ಕತ್ತರಿಯದು. 1916ರಲ್ಲಿ ಸುಪ್ರೀಂ ಕೋರ್ಟು ಹೇಳಿತೆಂದು ಚಿತ್ರ ಒಂದು ಮಾತನ್ನು ಎತ್ತಿ ಹಿಡಿಯುತ್ತದೆ: ಹದಿನಾರನೆಯ ತಿದ್ದುಪಡಿ ತೆರಿಗೆ ಹಾಕುವ ಯಾವ ಹೊಸ ಅಧಿಕಾರವನ್ನೂ ಕೊಡಲಿಲ್ಲ. ಕೇಳಿದವನಿಗೆ ನೆಲ ಕುಸಿದಂತಾಗುತ್ತದೆ. ವರಮಾನ ತೆರಿಗೆಗೆ ಬುನಾದಿ ಎಂದು ಶಾಲೆಯಲ್ಲಿ ಕಲಿತದ್ದೇ ಆ ತಿದ್ದುಪಡಿ. ಅದೇ ಅಧಿಕಾರ ಕೊಡದಿದ್ದರೆ ನೂರು ವರ್ಷ ವಸೂಲಾದದ್ದು ಯಾವ ಲೆಕ್ಕಕ್ಕೆ?

ಮಾತು ಸುಳ್ಳಲ್ಲ, ಸ್ಟ್ಯಾಂಟನ್ ವಿರುದ್ಧ ಬಾಲ್ಟಿಕ್ ಮೈನಿಂಗ್ ಎಂಬ ತೀರ್ಪಿನಲ್ಲಿ ಇದೆ. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಪೂರ್ತಿ ವಾಕ್ಯದ ಸಾರವನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ಕಾಂಗ್ರೆಸ್ಸಿಗೆ ಮೊದಲಿನಿಂದಲೂ ಇದ್ದ ಪೂರ್ಣಾಧಿಕಾರವನ್ನು, ಅದು ಸಹಜವಾಗಿ ಸೇರಿದ್ದ ಪರೋಕ್ಷ ತೆರಿಗೆಯ ವರ್ಗದಿಂದ ಯಾರೂ ಹೊರಗೆಳೆಯದಂತೆ ಈ ತಿದ್ದುಪಡಿ ತಡೆಯಿತೇ ಹೊರತು ಹೊಸ ಅಧಿಕಾರವನ್ನೇನೂ ಕೊಡಲಿಲ್ಲ. ಅಂದರೆ ಹೊಸದಾಗಿ ಕೊಡುವುದಕ್ಕೆ ಏನೂ ಉಳಿದಿರಲಿಲ್ಲ, ಎಲ್ಲವೂ ಮೊದಲೇ ಇತ್ತು. ತೆರಿಗೆಯ ಬೆನ್ನಿಗೆ ನಿಂತ ವಾಕ್ಯವನ್ನು ನಡುವೆ ತುಂಡರಿಸಿ ತೆರಿಗೆಯ ಎದೆಗೆ ಗುರಿಯಿಟ್ಟಿದ್ದಾರೆ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ: ನಿಮ್ಮ ಅಜ್ಜನ ಗದ್ದೆಗೆ ಯಾರೋ ಬೇಲಿ ಹಾಕಿದರು. ನೀವು ಕೋರ್ಟಿಗೆ ಹೋದಿರಿ. “ಈ ತೀರ್ಪಿನಿಂದ ಇವರಿಗೆ ಹೊಸ ಹಕ್ಕೇನೂ ಬರಲಿಲ್ಲ, ಗದ್ದೆ ಅಜ್ಜನ ಕಾಲದಿಂದಲೂ ಇವರದೇ, ಬೇಲಿ ತೆಗೆಯಿರಿ” ಎಂದು ನ್ಯಾಯಾಧೀಶರು ಹೇಳಿದರು. ಬೇಲಿ ಹಾಕಿದವನು ಊರಿಗೆ ಬಂದು, “ಅವನಿಗೆ ಹಕ್ಕೇನೂ ಬರಲಿಲ್ಲ ಅಂತ ಕೋರ್ಟೇ ಹೇಳಿತು” ಎಂದು ಕಟ್ಟೆಯ ಮೇಲೆ ಕೂತು ಸಾರಿದ. ರುಸ್ಸೋ ಕೂತಿರುವುದು ಆ ಕಟ್ಟೆಯ ಮೇಲೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಆ ವಾಕ್ಯವನ್ನು ಬರೆದವನ ಚರಿತ್ರೆ. ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಡಗ್ಲಸ್ ವೈಟ್‌ಗೆ ಈ ವಾಕ್ಯ ಹಳೆಯ ಬಾಕಿ. 1894ರಲ್ಲಿ ಕಾಂಗ್ರೆಸ್ಸು ನಾಲ್ಕು ಸಾವಿರ ಡಾಲರಿಗೆ ಮೇಲ್ಪಟ್ಟ ಆದಾಯದ ಮೇಲೆ ಶೇಕಡಾ 2ರ ತೆರಿಗೆ ಹಾಕಿತು. ಮರುವರ್ಷವೇ ಪೊಲ್ಲಾಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 5–4ರಲ್ಲಿ ಅದನ್ನು ಹೊಡೆದು ಹಾಕಿತು. ಬಾಡಿಗೆ, ಬಡ್ಡಿ, ಡಿವಿಡೆಂಡುಗಳ ಮೇಲಿನ ತೆರಿಗೆ ಆಸ್ತಿಯ ಮೇಲಿನ ‘ನೇರ’ ತೆರಿಗೆಯಂತೆ, ಅದನ್ನು ರಾಜ್ಯಗಳ ನಡುವೆ ತಲೆಯೆಣಿಕೆಯ ಪ್ರಕಾರ ಹಂಚಬೇಕಂತೆ. ಹಾಗೆ ಹಂಚಿದರೆ, ಜನಸಂಖ್ಯೆ ಸಮನಾಗಿರುವ ಎರಡು ರಾಜ್ಯಗಳಲ್ಲಿ ಬಡ ರಾಜ್ಯದವನು ಸಿರಿವಂತ ರಾಜ್ಯದವನಿಗಿಂತ ಹೆಚ್ಚಿನ ದರದಲ್ಲಿ ಕಟ್ಟಬೇಕಾಗುತ್ತದೆ. ಹಾಗಾಗಿ ಯಾರೂ ಹಂಚಲು ಹೋಗಲಿಲ್ಲ, ತೆರಿಗೆ ಸತ್ತಿತು. ಅಂದು ಭಿನ್ನಮತ ಬರೆದ ನಾಲ್ವರಲ್ಲಿ ವೈಟ್ ಒಬ್ಬ. 1913ರಲ್ಲಿ ತಿದ್ದುಪಡಿ ಬಂದು ಹಂಚಿಕೆಯ ಷರತ್ತನ್ನು ತೆಗೆಯಿತು. 1916ರಲ್ಲಿ ಬ್ರಶಾಬರ್ ಮೊಕದ್ದಮೆ ಎದುರಿಗೆ ಬಂದಾಗ ವೈಟ್ ಮುಖ್ಯ ನ್ಯಾಯಮೂರ್ತಿ. ಇಪ್ಪತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಾರಿಕೊಂಡ: ಈ ತಿದ್ದುಪಡಿ ನಮಗೆ ಹೊಸತೇನೂ ಕೊಡಲಿಲ್ಲ, ಯಾಕೆಂದರೆ ಅಧಿಕಾರ ಅಂದೂ ಇತ್ತು, ನೀವೇ ತಪ್ಪು ಮಾಡಿದ್ದು. ಸ್ಟ್ಯಾಂಟನ್ ತೀರ್ಪು ಒಂದು ತಿಂಗಳೊಳಗೆ ಅದನ್ನೇ ಸಂಕ್ಷೇಪಿಸಿ ಮತ್ತೆ ಹೇಳಿತು. ಸೋತವನು ಗೆದ್ದ ಮೇಲೆ ಆಡಿದ ಚುಚ್ಚುಮಾತನ್ನು ರುಸ್ಸೋ ತಪ್ಪೊಪ್ಪಿಗೆಯೆಂದು ಓದಿಕೊಂಡ.

ವೈಟ್‌ನ ಗದ್ಯಕ್ಕೂ ಇದರಲ್ಲಿ ಪಾಲಿದೆಯೆಂದು ಒಪ್ಪಬೇಕು. ಬ್ರಶಾಬರ್ ತೀರ್ಪಿನ ವಾಕ್ಯಗಳು ಗೂಡ್ಸ್ ರೈಲಿನಂತೆ, ಎಂಜಿನ್ ದಾಟಿ ಹೋಗಿ ಎಷ್ಟೋ ಹೊತ್ತಾದರೂ ಡಬ್ಬಿಗಳು ಬರುತ್ತಲೇ ಇರುತ್ತವೆ. ಇಂಥ ರೈಲಿನಲ್ಲಿ ಯಾರು ಬೇಕಾದರೂ ಎರಡು ಡಬ್ಬಿ ಕಳಚಿಕೊಂಡು ಹೋಗಬಹುದು. ಮೇಲಿನ ಸಾರವನ್ನು ಬರೆಯುವಾಗ ನನಗೆ ಇನ್ನೊಂದು ಹೊಳೆಯಿತು. ಇಂಗ್ಲಿಷಿನಲ್ಲಿ ‘ಕೊಡಲಿಲ್ಲ’ ಮೊದಲೇ ಬಂದುಬಿಡುತ್ತದೆ, ಕಾರಣ ಹಿಂದಿನಿಂದ ಬರುತ್ತದೆ, ಕತ್ತರಿಗೆ ಸಲೀಸು. ಕನ್ನಡದಲ್ಲಿ ‘ಹೊರತು’ ದಾಟಿಯೇ ‘ಕೊಡಲಿಲ್ಲ’ಕ್ಕೆ ಬರಬೇಕು. ನಡುವೆ ಕತ್ತರಿಸಿದರೆ ವಾಕ್ಯ ಬಾಯಿಬಿಟ್ಟುಕೊಂಡು ನಿಲ್ಲುತ್ತದೆ, ಕೇಳಿದವನು “ಹೊರತು? ಮುಂದೆ?” ಅನ್ನುತ್ತಾನೆ.

ಒಂದು ಸಲವಾದರೆ ಕೈತಪ್ಪು ಎನ್ನಬಹುದಿತ್ತು. ಫೆಡರಲ್ ನ್ಯಾಯಾಧೀಶ ಜೇಮ್ಸ್ ಫಾಕ್ಸ್ 2003ರಲ್ಲಿ ಆಡಿದ ಮಾತನ್ನೂ ಚಿತ್ರ ತೋರಿಸುತ್ತದೆ: ಹಳೆಯ ದಾಖಲೆ ಕೆದಕಿದರೆ ಸಾಕಷ್ಟು ರಾಜ್ಯಗಳು ಹದಿನಾರನೆಯ ತಿದ್ದುಪಡಿಯನ್ನು ಅನುಮೋದಿಸಿರಲೇ ಇಲ್ಲವೆಂದು ಕಂಡುಬರಬಹುದು ಎಂಬ ಅರ್ಥದ ಮಾತು. ಅದು ತೆರಿಗೆಯ ಮೊಕದ್ದಮೆಯೇ ಅಲ್ಲ. ಇರಾಕಿಗೆ ಸೇನೆ ಕಳಿಸಿದ್ದನ್ನು ಪ್ರಶ್ನಿಸಿದ ದಾವೆಯ ವಿಚಾರಣೆಯಲ್ಲಿ ಉದಾಹರಣೆಗೆಂದು ಹೇಳಿದ್ದು. ಅವರು ಹೇಳಹೊರಟದ್ದೂ ತಿರುಗುಮುರುಗು. ಹಾಗಿದ್ದರೂ ಆ ತಿದ್ದುಪಡಿ ಇವತ್ತು ಸಂವಿಧಾನದ ಭಾಗವೇ, ಯಾವ ಕೋರ್ಟೂ ಅದನ್ನು ತೆಗೆದುಹಾಕಲಾರದು ಎಂದು ಅವರ ಮಾತು ಮುಂದುವರಿಯುತ್ತದೆ. ಮುಂದುವರಿದದ್ದು ಚಿತ್ರದಲ್ಲಿಲ್ಲ. ಅಶ್ವತ್ಥಾಮನ ಪ್ರಸಂಗದಲ್ಲಿ ಧರ್ಮರಾಯ ಉಳಿದರ್ಧವನ್ನು ಮೆಲ್ಲಗಾದರೂ ಹೇಳಿದ್ದ.

ಅನುಮೋದನೆಯ ಈ ತಕರಾರಿನ ಮೂಲ ಬಿಲ್ ಬೆನ್ಸನ್ 1985ರಲ್ಲಿ ತಂದ ಪುಸ್ತಕ. ಆತ ರಾಜ್ಯಗಳ ದಫ್ತರಖಾನೆಗಳನ್ನು ಜಾಲಾಡಿ ಕಂಡುಹಿಡಿದದ್ದು ಅಲ್ಪವಿರಾಮ, ದೊಡ್ಡಕ್ಷರ, ಕಾಗುಣಿತದ ವ್ಯತ್ಯಾಸಗಳನ್ನು. ಮರುವರ್ಷವೇ ಒಂದು ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬೇಕಿದ್ದದ್ದು 36 ರಾಜ್ಯ, ಕೊನೆಗೆ ಒಪ್ಪಿದ್ದು 42. ಕರಡಚ್ಚು ತಿದ್ದುವವರ ಪಾಲಿಗೆ ಮಾತ್ರ ಇದೊಂದು ಮಹಾಕಾವ್ಯ.

‘ಸ್ವಯಂಪ್ರೇರಿತ’ ಎಂಬ ಪದದ ಗತಿಯೂ ಇದೇ. ಅಮೆರಿಕದ ತೆರಿಗೆ ಸ್ವಯಂಪ್ರೇರಿತ ಲೆಕ್ಕಾಚಾರದ ಮೇಲೆ ನಿಂತಿದೆ ಎಂದು 1960ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಹಿಡಿದು, ಇಷ್ಟವಿದ್ದರೆ ಕಟ್ಟು ಎಂಬ ಅರ್ಥ ಹೊರಡಿಸುತ್ತಾರೆ. ಬೆಂಗಳೂರಿನಲ್ಲಿ ಮನೆಯಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಸ್ತಿ ತೆರಿಗೆಗೆ ಸ್ವಯಂ ಘೋಷಣೆಯ ಪದ್ಧತಿ 2000ದಲ್ಲಿ ಬಂದಾಗ ಚದರಡಿಯ ಲೆಕ್ಕವನ್ನು ನಾವೇ ಹಾಕಿ ನಾವೇ ಸಹಿ ಮಾಡಿದೆವು. ಘೋಷಣೆ ಸ್ವಯಂ, ತೆರಿಗೆ ಸ್ವಯಂ ಅಲ್ಲ.

ಇನ್ನು ಇತರ ವಿಮರ್ಶಕರ ಮಾತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಡೇವಿಡ್ ಕೇ ಜಾನ್‌ಸ್ಟನ್ ಚಿತ್ರ ಬಂದ ವಾರದಲ್ಲೇ ಅದರ ತಪ್ಪುಗಳನ್ನು ಬಯಲಿಗೆಳೆದರು. ತೆರಿಗೆಯ ವರದಿಗಾರಿಕೆಗೇ ಪುಲಿಟ್ಜರ್ ಪಡೆದವರು, ಹಿಡಿದ ಪಟ್ಟು ಸರಿಯಿದೆ. ಆದರೆ ರುಸ್ಸೋನ ಮೇಲೆ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚಿನ ತೆರಿಗೆ ಬಾಕಿಯ ಲೀನ್‌ಗಳು (ಆಸ್ತಿಯ ಮೇಲಿನ ಸರಕಾರದ ಹಕ್ಕು) ದಾಖಲಾಗಿದ್ದವು ಎಂಬುದನ್ನು ಅವರು ಮುಂದಿಟ್ಟದ್ದು ನನಗೆ ಹಿಡಿಸಲಿಲ್ಲ. ಸಾಲಗಾರ ಹೇಳಿದನೆಂದು ವಾದ ಸುಳ್ಳಾಗುವುದಿಲ್ಲ, ಸಾಹುಕಾರ ಹೇಳಿದನೆಂದು ನಿಜವೂ ಆಗುವುದಿಲ್ಲ. ವಾಕ್ಯ ತುಂಡಾಗಿದೆ ಎಂದು ತೋರಿಸಿದರೆ ಸಾಕಿತ್ತು. ಬಾಕಿಯ ಮಾತೆತ್ತಿದ್ದೇ ತಡ, ಅಭಿಮಾನಿಗಳಿಗೆ “ನೋಡಿ, ವಾದಕ್ಕೆ ಉತ್ತರವಿಲ್ಲದೆ ಮನುಷ್ಯನ ಮೇಲೆ ಬಿದ್ದರು” ಎನ್ನಲು ದಾರಿಯಾಯಿತು.

ನನ್ನ ನಿಜವಾದ ಜಗಳ ಇನ್ನೊಂದು ಗುಂಪಿನ ಜೊತೆ. ಅಂಕಿ ಅಂಶ ತಪ್ಪಿರಬಹುದು, ಆದರೆ ಚಿತ್ರದ ಒಳಗಿನ ಕಿಚ್ಚು ನಿಜ, ಇದು ಥೋರೋನ ಪರಂಪರೆ, ಕರನಿರಾಕರಣೆಯ ಪರಂಪರೆ ಎನ್ನುವವರು ಇವರು. ನಮ್ಮಲ್ಲೂ ಇದ್ದಾರೆ, ಭಾವನ ಜೊತೆ ನಾನು ಊಟದ ಮೇಜಿನಲ್ಲಿ ಮಾಡಿದ ವಾದವೂ ಇದರ ಮೇಲೆಯೇ. ಥೋರೋ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಮಲಗಿದ್ದು ತಲೆಗಂದಾಯದ ಕಾನೂನು ಇಲ್ಲವೆಂದಲ್ಲ. ಇದೆ, ಗುಲಾಮಗಿರಿಯ ಸರಕಾರಕ್ಕೆ ಕೊಡಲಾರೆ ಎಂದು. ಅಂಕೋಲೆ, ಸಿದ್ದಾಪುರದ ರೈತರು 1930ರ ದಶಕದ ಮೊದಲಲ್ಲಿ ಕಂದಾಯ ನಿಲ್ಲಿಸಿದಾಗ ಬ್ರಿಟಿಷರ ಕಂದಾಯ ಕಾಯಿದೆಯಲ್ಲಿ ಅಲ್ಪವಿರಾಮ ತಪ್ಪಿದೆ ಎಂದು ಹುಡುಕಲಿಲ್ಲ. ಜಮೀನು ಜಪ್ತಿಯಾಗುತ್ತದೆ, ಮನೆಯ ಪಾತ್ರೆ ಪಗಡಿ ಹರಾಜಾಗುತ್ತದೆ ಎಂದು ಗೊತ್ತಿದ್ದೇ ಇಳಿದರು. ಕಾನೂನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮುರಿದರು. ರುಸ್ಸೋನ ನಾಯಕರು ಮುರಿಯುವುದಿಲ್ಲ. ಕಾನೂನೇ ಇಲ್ಲ, ಆದ್ದರಿಂದ ನಾವು ಕಾನೂನು ಪಾಲಕರು ಎನ್ನುತ್ತಾರೆ. ಇದು ಬಂಡಾಯವಲ್ಲ, ವಕೀಲಿಕೆ. ಸರಿಯಾದ ಸೆಕ್ಷನ್ನನ್ನು ಸರಿಯಾದ ಸ್ವರದಲ್ಲಿ ಹೇಳಿದರೆ ಸರಕಾರ ಮಾಯವಾಗುತ್ತದೆಂಬ ಮಂತ್ರಶ್ರದ್ಧೆ. ಇಷ್ಟೊಂದು ಕಾನೂನುಭಕ್ತಿಯ ಚಿತ್ರವನ್ನು ಕರನಿರಾಕರಣೆಯ ಪಕ್ಕದಲ್ಲಿಟ್ಟರೆ ಅಂಕೋಲೆಯವರಿಗೆ ಅವಮಾನ.

ಆಗ ಅವರು ಖುಲಾಸೆಗಳ ಪಟ್ಟಿ ತೆಗೆಯುತ್ತಾರೆ. ಮೆಂಫಿಸ್‌ನ ಜ್ಯೂರಿ 2003ರಲ್ಲಿ ಒಬ್ಬ ಪೈಲಟ್‌ರನ್ನು ಬಿಟ್ಟುಬಿಟ್ಟಿತಲ್ಲ? ಬಿಟ್ಟಿತು. ಆದರೆ ಅಮೆರಿಕದಲ್ಲಿ ತೆರಿಗೆಯ ಅಪರಾಧಕ್ಕೆ ‘ಬೇಕೆಂದೇ’ ಮಾಡಿದ್ದು ಸಾಬೀತಾಗಬೇಕು. ಇನ್ನೊಬ್ಬ ಪೈಲಟ್ ಜಾನ್ ಚೀಕ್‌ನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದ್ದು ಇದು: ಕಾನೂನು ತನಗೆ ಅನ್ವಯಿಸುವುದಿಲ್ಲವೆಂದು ಒಬ್ಬ ಪ್ರಾಮಾಣಿಕವಾಗಿ ನಂಬಿದ್ದರೆ, ಆ ನಂಬಿಕೆ ಎಷ್ಟೇ ಅಸಂಬದ್ಧವಿರಲಿ, ಜ್ಯೂರಿ ಅದನ್ನು ಪರಿಗಣಿಸಬೇಕು, ಕಾನೂನೇ ಅಸಾಂವಿಧಾನಿಕ ಎಂಬ ನಂಬಿಕೆಗೆ ಮಾತ್ರ ಆ ರಿಯಾಯಿತಿ ಇಲ್ಲ. ಖುಲಾಸೆಯೆಂದರೆ ಇವನು ಮೋಸಗಾರನಲ್ಲ, ದಾರಿ ತಪ್ಪಿದವನು ಎಂದಷ್ಟೇ. ಚೀಕ್ ಮರುವಿಚಾರಣೆಯಲ್ಲಿ ಜೈಲಿಗೇ ಹೋದ. ಮೆಂಫಿಸ್‌ನ ಪೈಲಟ್ ಮರುವರ್ಷ ಐದು ಲಕ್ಷ ಡಾಲರಿಗೂ ಮೇಲ್ಪಟ್ಟ ಬಾಕಿಗೆ ರಾಜಿಯಾದರು. ತೆರಿಗೆ ವಿರೋಧಿಗಳ ಗುರುವೆನಿಸಿದ್ದ ಇರ್ವಿನ್ ಶಿಫ್ 2015ರಲ್ಲಿ, 87ರ ವಯಸ್ಸಿನಲ್ಲಿ, ಸೆರೆಯಲ್ಲೇ ಸತ್ತ. ‘ಬ್ಲೇಡ್’ನ ವೆಸ್ಲಿ ಸ್ನೈಪ್ಸ್‌ಗೆ ಮೂರು ವರ್ಷದ ಶಿಕ್ಷೆಯಾದದ್ದು ಕೂಡ ಇಂಥ ಬೋಧನೆಯ ದೆಸೆಯಿಂದಲೇ.

ಚಿತ್ರದ ಪರವಾಗಿ ಏನಾದರೂ ಹೇಳಬೇಕಲ್ಲ, ಹೇಳುತ್ತೇನೆ. ಅಧಿಕಾರಿಗಳ ಎದುರು ಕೂತು ‘ತೋರಿಸಿ’ ಎಂದು ಕೇಳುವ ದೃಶ್ಯಗಳಿಗೆ ಪ್ರಜಾಪ್ರಭುತ್ವದ ಒಂದು ಖದರಿದೆ. ತೆರಿಗೆ ಇಲಾಖೆ ದರ್ಪದಿಂದ ನಡೆದುಕೊಂಡದ್ದೂ ಸುಳ್ಳಲ್ಲ. 1997–98ರ ಸೆನೆಟ್ ವಿಚಾರಣೆಗಳಲ್ಲಿ ಅದರ ದೂರುಗಳು ರಾಶಿ ಬಿದ್ದು, 1998ರಲ್ಲಿ ಇಲಾಖೆಯ ಸುಧಾರಣೆಗೆಂದೇ ಕಾಯಿದೆ ಬಂತು. ನಿಜವಾದ ಚಿತ್ರ ಅಲ್ಲಿತ್ತು. ರುಸ್ಸೋ ಅದನ್ನು ಬಿಟ್ಟು ಫೆಡರಲ್ ರಿಸರ್ವ್, ಗುರುತಿನ ಚೀಟಿ, ಮೈಯೊಳಗೆ ಹೂಳುವ ಚಿಪ್ಪು ಎಂದು ಓಡುತ್ತಾನೆ. ಆ ಭಾಗವನ್ನು ನಾನು ಎರಡನೆಯ ಸಲ ನೋಡಲಿಲ್ಲ.

ಇದನ್ನು ಬರೆಯುವ ಮುಂಚೆ ಭಾವನಿಗೆ ಫೋನ್ ಮಾಡಿದೆ. ಚಿತ್ರ ನೋಡಿದ ವರ್ಷ ರಿಟರ್ನ್ ಹಾಕಿದಿರಾ ಎಂದು ಕೇಳಿದೆ. “ಹಾಕದೆ? ಎಲ್ಲರೂ ಏಪ್ರಿಲ್ ತನಕ ಕಾಯ್ತಾರೆ, ನಾನು ಫೆಬ್ರವರಿಯಲ್ಲೇ ಹಾಕಿದೆ. ರಿಫಂಡ್ ಬರೋದಿತ್ತು ಮಾರಾಯ.”