ಹತ್ತು ದಿನದ ಮೌನ, ಹನ್ನೊಂದನೆಯ ದಿನದ ಶಿಫ್ಟು

ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆ ಹೋಗುವಾಗ ಒಳಕ್ಕೆ ತಿರುಗಿದರೆ ಆಲೂರು. ಅಲ್ಲಿ ಧಮ್ಮ ಪಫುಲ್ಲ ಎಂಬ ವಿಪಶ್ಯನ ಧ್ಯಾನ ಕೇಂದ್ರವಿದೆ. ಬರ್ಮಾದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿ, ಅಲ್ಲಿನ ಗುರು ಊ ಬಾ ಖಿನ್ ಅವರಿಂದ ಕಲಿತು, 1969ರಲ್ಲಿ ಭಾರತಕ್ಕೆ ಬಂದ ಎಸ್. ಎನ್. ಗೋಯೆಂಕಾ ಅವರ ಪದ್ಧತಿ ಇಲ್ಲಿಯದು. ಶಿಬಿರ ಹತ್ತು ದಿನದ್ದು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ, ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ, ನಡುವೆ ಹತ್ತು ತಾಸಿನಷ್ಟು ಧ್ಯಾನ. ಫೋನು, ಪುಸ್ತಕ, ಪೆನ್ನು ಎಲ್ಲವನ್ನೂ ಮೊದಲೇ ಒಪ್ಪಿಸಬೇಕು. ಪಕ್ಕದವರ ಜೊತೆ ಮಾತಿಲ್ಲ, ಸನ್ನೆಯೂ ಇಲ್ಲ. ಶುಲ್ಕವೂ ಇಲ್ಲ, ಮೊದಲು ಶಿಬಿರ ಮುಗಿಸಿದವರು ಕೊಟ್ಟ ದಾನದಿಂದಲೇ ಊಟ ವಸತಿ ನಡೆಯುತ್ತದೆ. ದುಡ್ಡಿಲ್ಲದ ಮನೆಯ ಹುಡುಗನಿಗೂ ಬಾಗಿಲು ತೆರೆದಿಟ್ಟಿರುವ ಈ ವ್ಯವಸ್ಥೆಯ ಮೇಲೆ ನನಗೆ ಗೌರವವಿದೆ.

ಆದರೂ, ಆತಂಕದಿಂದ ನರಳುವ ಇಪ್ಪತ್ತು ಇಪ್ಪತ್ತೆರಡರ ಮಕ್ಕಳಿಗೆ ‘ಹತ್ತು ದಿನ ಹೋಗಿ ಬಾ, ಎಲ್ಲಾ ಸರಿಹೋಗುತ್ತೆ’ ಎನ್ನುವುದನ್ನು ನಾನು ಒಪ್ಪಲಾರೆ. ಧ್ಯಾನವಿದ್ಯೆ ದೊಡ್ಡದೇ, ಆದರೆ ಆತಂಕಕ್ಕೆ ಮೊದಲ ಮದ್ದಾಗಿ ಅದನ್ನು ಈ ರೂಪದಲ್ಲಿ ಕೊಡುವುದು ಸರಿಯಲ್ಲ.

ಆತಂಕ ಮೈಯಲ್ಲಿ ಹೇಗೆ ಬೆಳೆಯುತ್ತದೆ ನೋಡಿ. ಎದೆ ಢವಢವ ಎನ್ನುತ್ತದೆ. ‘ಏನೋ ಆಗ್ತಿದೆ’ ಎಂದು ಮನಸ್ಸು ಬೆಚ್ಚುತ್ತದೆ. ಆ ಬೆಚ್ಚುವಿಕೆಗೇ ಬಡಿತ ಇನ್ನಷ್ಟು ಏರುತ್ತದೆ. ಭಯದ ಬಗ್ಗೆಯೇ ಹುಟ್ಟುವ ಈ ಎರಡನೆಯ ಭಯವನ್ನು ಧ್ಯಾನ ಹಿಡಿದು ನಿಲ್ಲಿಸಬಲ್ಲದು. ಬಡಿತ ಬಂತು, ಇದೆ, ಇಳಿಯುತ್ತಿದೆ ಎಂದು ಓಡಿಹೋಗದೆ ನೋಡುತ್ತ ಕೂತವರಿಗೆ ಅದು ತಾನಾಗಿ ಇಳಿಯುವುದು ಗೊತ್ತಾಗುತ್ತದೆ. ಆದರೆ ಗಾಬರಿಯ ಹೊಡೆತ ತಿಂದವರಲ್ಲಿ ಕೆಲವರಿಗೆ ಉಸಿರೇ ವೈರಿ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಟ್ಟ ಕೂಡಲೇ ಉಸಿರು ಕಟ್ಟಿದಂತಾಗುತ್ತದೆ. ಆಲೂರಿನ ಶಿಬಿರದಲ್ಲಿ ಮೊದಲ ಮೂರು ದಿನ ಪೂರ್ತಿ ಉಸಿರೇ. ನಾಲ್ಕನೆಯ ದಿನದಿಂದ ಅಲುಗಾಡದೆ ಒಂದು ತಾಸು ಕೂರುವ ಸಂಕಲ್ಪ, ಅದೂ ದಿನಕ್ಕೆ ಮೂರು ಸಲ. ಗಟ್ಟಿ ಮನಸ್ಸಿನವರನ್ನು ಇದು ಇನ್ನಷ್ಟು ಗಟ್ಟಿ ಮಾಡೀತು. ಒಡೆಯುವ ಹಂತದಲ್ಲಿ ಇರುವವರಿಗೆ ಬೇಕಾದದ್ದು ಬೇರೆ: ಕಣ್ಣು ತೆರೆದುಕೊಂಡು, ಅಂಗಾಲು ನೆಲಕ್ಕೆ ಒತ್ತಿರುವುದನ್ನು ಗಮನಿಸುತ್ತ, ಸುತ್ತಲ ಸದ್ದು ಕೇಳುತ್ತ ಐದು ನಿಮಿಷ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಮುಂದೆ ನಿಂತ ಹುಡುಗನಿಗೆ ಆ ಸದ್ದೇ ಸಾಕು, ಮೌನವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಈ ಮಾತನ್ನು ಅವನಿಗೆ ಯಾರೂ ಹೇಳುತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಆತಂಕಕ್ಕೆ ಧ್ಯಾನ ನೆರವಾಗುತ್ತದೆ ಎನ್ನಲು ಪುರಾವೆ ಇಲ್ಲವೆಂದಲ್ಲ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಬೌದ್ಧ ಧ್ಯಾನದಿಂದ ಎಂಟು ವಾರಗಳ ಒಂದು ಕ್ರಮ ಕಟ್ಟಿದರು. 2022ರಲ್ಲಿ ಪ್ರಕಟವಾದ ಅಲ್ಲಿಯದೇ ಒಂದು ಅಧ್ಯಯನದಲ್ಲಿ, ಆತಂಕದ ಕಾಯಿಲೆಯಿದ್ದ 276 ವಯಸ್ಕರಲ್ಲಿ ಅರ್ಧ ಜನಕ್ಕೆ ಈ ಕ್ರಮ, ಉಳಿದವರಿಗೆ ಎಸ್ಸಿಟಾಲೊಪ್ರಾಮ್ ಮಾತ್ರೆ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿದ್ದದ್ದು ವಾರವಾರವೂ ಸೇರುವ ಗುಂಪು, ತರಬೇತಾದ ಗುರು, ಮನೆಯಲ್ಲಿ ದಿನದಿನದ ಅಭ್ಯಾಸ. ಅದೇ ವರ್ಷ ಬ್ರಿಟನ್ನಿನ 85 ಶಾಲೆಗಳ ಅಧ್ಯಯನವೂ ಹೊರಬಂತು: ತರಗತಿಯ ಮಕ್ಕಳಿಗೆಲ್ಲ ಒಟ್ಟಾಗಿ ಪಾಠದಂತೆ ಧ್ಯಾನ ಕಲಿಸಿದಾಗ ವಿಶೇಷ ಲಾಭವೇನೂ ಕಾಣಲಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಮುನ್ನೂರು ಮಕ್ಕಳನ್ನು ಕೂರಿಸಿ ಒಂದು ಗಂಟೆ ‘ಧ್ಯಾನ ಶಿಬಿರ’ ಮುಗಿಸುವ ನಮ್ಮವರು ಇದನ್ನು ಓದಬೇಕು.

ಇನ್ನು ಬೆಂಗಳೂರಿನ ಹೊರವಲಯದ ಈ ಭಾಗದ ಆತಂಕ. ದೇವನಹಳ್ಳಿ ವಿಮಾನ ನಿಲ್ದಾಣದ ರಾತ್ರಿ ಪಾಳಿಯವರಿಗೆ, ನೆಲಮಂಗಲದ ಗೋದಾಮುಗಳಲ್ಲಿ ಸರಕು ಎಣಿಸುವವರಿಗೆ ಹತ್ತು ದಿನ ರಜೆ ಕೊಡುವವರಾರು? ಶಿಬಿರದಿಂದ ಹನ್ನೊಂದನೆಯ ದಿನ ಹೊರಬಿದ್ದವನಿಗೆ ಕೆಲಸ ಉಳಿದಿರಬೇಕಲ್ಲ. ಆತಂಕದ ಬೇರು ಹೊರಗೂ ಇರುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿದ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆ ವರ್ಷಗಳಲ್ಲಿ ಆ ಮನೆಗಳ ಮಕ್ಕಳಿಗೆ ನಿದ್ದೆ ಬಾರದಿದ್ದರೆ ದೋಷ ಮನಸ್ಸಿನದಲ್ಲ. ಧ್ಯಾನದಿಂದ ಒಂದು ರಾತ್ರಿಯ ನಿದ್ದೆ ಸಿಕ್ಕೀತು, ಅದೂ ಬೇಕಾದದ್ದೇ. ಆದರೆ ಆ ಹೆಸರಿನಲ್ಲಿ ‘ನೀನೇ ಶಾಂತವಾಗು’ ಎಂದು ಅವರಿಗೆ ಬುದ್ಧಿ ಹೇಳುವುದು ಅನ್ಯಾಯ.

ಶಿಬಿರ ನಡೆಸುವವರು ಒಂದು ವಿಷಯದಲ್ಲಿ ಪ್ರಾಮಾಣಿಕರು: ಇದು ಚಿಕಿತ್ಸೆಗೆ ಬದಲಿಯಲ್ಲ, ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ತಕ್ಕದ್ದಲ್ಲ ಎಂದು ನಿಯಮಗಳಲ್ಲೇ ಬರೆದಿದ್ದಾರೆ. ಅದನ್ನು ಓದದೆ ಮಕ್ಕಳನ್ನು ಕಳಿಸುವವರು ನಾವು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಥೈರಾಯ್ಡ್, ರಕ್ತಹೀನತೆ ಪರೀಕ್ಷೆಯಾಗಲಿ. ಎದೆಬಡಿತಕ್ಕೆ ಅವೂ ಕಾರಣವಾಗುತ್ತವೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ನಿಮ್ಹಾನ್ಸ್ ನೆರವಿನಿಂದ ರಾಜ್ಯ ಸರ್ಕಾರ ನಡೆಸುವ ಯುವ ಸ್ಪಂದನ ಎಂಬ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರೇ ಯುವ ಪರಿವರ್ತಕರು. ಅವರ ಕೈಗೆ ಎಂಟು ವಾರದ ಕ್ರಮವೊಂದನ್ನು ಕನ್ನಡದಲ್ಲಿ ಮಾಡಿಕೊಡಬೇಕು. ಹೊಸಕೋಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ಪಾಳಿ ಮುಗಿಯುವ ಹೊತ್ತಿಗೆ ವಾರಕ್ಕೊಂದು ಸಂಜೆ ಹತ್ತು ಹನ್ನೆರಡು ಜನ ಕೂರುವಂತಾಗಬೇಕು, ಯಾರಿಗಾದರೂ ಉಸಿರು ಕಟ್ಟಿದಂತಾದರೆ ಅಲ್ಲೇ ಎದ್ದು ‘ನನಗೆ ಆಗ್ತಿಲ್ಲ’ ಎನ್ನುವ ಸಲಿಗೆ ಅಲ್ಲಿರಬೇಕು.